ಮಗ ಫೋನ್ ಎತ್ತದಿದ್ದಾಗ: ಆತಂಕದ ಒಂದು ಪ್ರಕರಣ

(ಹೆಸರು, ಊರು, ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಲಾಗಿದೆ.)

ಸುಮಾ ಅವರಿಗೆ 43 ವರ್ಷ. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಸಹಕಾರ ಸಂಘದಲ್ಲಿ ಕೆಲಸ. ಪತಿ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ, ಒಬ್ಬನೇ ಮಗ. ಮಗ ಇಂಜಿನಿಯರಿಂಗ್ ಸೇರಿ ದಿನಾ ಬೈಕಿನಲ್ಲಿ ಕಾಲೇಜಿಗೆ ಓಡಾಡತೊಡಗಿದ ಮೇಲೆ ತೊಂದರೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಎದೆ ಡವಡವ, ಹೊಟ್ಟೆಯಲ್ಲಿ ಸಂಕಟ, ಭುಜ ಕುತ್ತಿಗೆಯೆಲ್ಲ ಬಿಗಿ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಬರೆದ ವೋಚರನ್ನೇ ಮೂರು ಸಲ ನೋಡಿದರೂ ಸಮಾಧಾನವಿಲ್ಲ. ಆಪ್ತಸಲಹೆಗೆಂದು ನಮ್ಮ ಬಳಿ ಬರುವ ಹೊತ್ತಿಗೆ ಎಂಟು ತಿಂಗಳು ಹೀಗೇ ನಡೆದಿತ್ತು. ಅತಿಯಾದ ಚಿಂತೆ ಬಹುಪಾಲು ದಿನಗಳಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದು, ನಿದ್ದೆ, ಏಕಾಗ್ರತೆ, ಸ್ನಾಯುಗಳ ಮೇಲೆ ಪರಿಣಾಮ ಮಾಡುತ್ತಿದ್ದರೆ ಅದನ್ನು ಸ್ವಭಾವ ಎಂದು ತಳ್ಳಿಹಾಕುವಂತಿಲ್ಲ. ಅದು ಚಿಕಿತ್ಸೆಗೆ ಬಗ್ಗುವ ತೊಂದರೆ.

ಇ.ಸಿ.ಜಿ., ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಎಲ್ಲ ಪರೀಕ್ಷೆಗಳೂ ಮೊದಲೇ ಆಗಿ ಸರಿ ಬಂದಿದ್ದವು. ಈ ಹಂತವನ್ನು ಯಾರೂ ಬಿಡಬಾರದು. ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದ್ದರೂ, ರಕ್ತ ಕಡಿಮೆಯಿದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಆಪ್ತಸಲಹೆ ಅದಕ್ಕೆ ಮದ್ದಲ್ಲ. ಆದರೆ ಒಮ್ಮೆ ಸರಿಯೆಂದು ಬಂದ ಪರೀಕ್ಷೆಯನ್ನು ಮನಸ್ಸಿನ ನೆಮ್ಮದಿಗೆಂದು ಮತ್ತೆ ಮತ್ತೆ ಮಾಡಿಸುವುದು ಬೇರೆ ಮಾತು. ಸುಮಾ ಇ.ಸಿ.ಜಿ. ಮೂರು ಸಲ ಮಾಡಿಸಿದ್ದರು.

ಆತಂಕ ಎಷ್ಟಿದೆ ಎಂದು ಅಳೆಯುವ ಏಳು ಪ್ರಶ್ನೆಗಳ ಜಿಎಡಿ-7 ಪಟ್ಟಿಯಲ್ಲಿ ಅವರಿಗೆ 21ಕ್ಕೆ 16 ಅಂಕ ಬಂತು. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಮೇಲೆ ತೀವ್ರ. ಈ ಪಟ್ಟಿ ರೋಗನಿರ್ಣಯವಲ್ಲ, ಎಲ್ಲಿದ್ದೇವೆ, ಎತ್ತ ಸಾಗುತ್ತಿದ್ದೇವೆ ಎಂದು ನೋಡುವ ಅಳತೆ ಅಷ್ಟೆ.

ಮೊದಲ ವಾರ ಯಾವ ಉಪಾಯವನ್ನೂ ಹೇಳಲಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಐದು ಕಾಲಂ ಹಾಕಿ ಬರೆಯಲು ಹೇಳಲಾಯಿತು: ಹೊತ್ತು, ಏನಾಯಿತು, ಏನು ಯೋಚನೆ ಬಂತು, ಮೈಯಲ್ಲಿ ಏನಾಯಿತು, ಆಮೇಲೆ ನೀವೇನು ಮಾಡಿದಿರಿ. ಕೊನೆಯ ಕಾಲಂ ಬರೆಯಲು ಬಹಳ ಜನ ಮರೆಯುತ್ತಾರೆ. ಗುಟ್ಟೆಲ್ಲ ಇರುವುದು ಅಲ್ಲೇ. ಸುಮಾ ಅವರ ಆ ಕಾಲಂ ತುಂಬ ಒಂದೇ ಮಾತು: "ಫೋನ್ ಮಾಡಿದೆ." ದಿನಕ್ಕೆ ಹನ್ನೆರಡರಿಂದ ಹದಿನೈದು ಸಲ. ಮಗ ಎತ್ತದಿದ್ದರೆ ವಾಟ್ಸಾಪ್‌ನಲ್ಲಿ ಅವನು ಕೊನೆಗೆ ಯಾವಾಗ ಬಂದಿದ್ದ ಎಂದು ನೋಡುವುದು, ಅವನ ಗೆಳೆಯನಿಗೆ ಫೋನ್ ಮಾಡುವುದು. ಸಂಜೆ ಬಿ.ಪಿ. ಮೆಷಿನ್ ಕಟ್ಟಿ ಐದಾರು ಸಲ ನೋಡುವುದು. ಮೊದಲ ಸಲ 138 ಬಂದರೆ ಗಾಬರಿ, ಆ ಗಾಬರಿಗೆ ಎರಡನೇ ಸಲ 146, ಮೂರನೆಯದು ಇನ್ನೂ ಮೇಲೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. "ಏನೂ ಆಗಿಲ್ಲಮ್ಮಾ" ಎಂಬ ಉತ್ತರ ಕಿವಿಗೆ ಬಿದ್ದ ಕೂಡಲೇ ಜೀವ ಹಗುರಾಗುತ್ತದೆ. ಆ ಹಗುರು ಹೆಚ್ಚೆಂದರೆ ಅರ್ಧ ಗಂಟೆ ಇರುತ್ತದೆ. ಅಷ್ಟರಲ್ಲಿ ಮಿದುಳು ಒಂದು ತಪ್ಪು ಪಾಠ ಕಲಿತಿರುತ್ತದೆ: ನಾನು ಫೋನ್ ಮಾಡಿದ್ದರಿಂದ ಮಗ ಕ್ಷೇಮ, ಮಾಡದಿದ್ದರೆ ಏನೋ ಆಗಿಬಿಡುತ್ತದೆ. ಮುಂದಿನ ಸಲ ಅನುಮಾನ ಇನ್ನೂ ಬೇಗ ಬರುತ್ತದೆ. ತುರಿಕೆಯನ್ನು ಕೆರೆದಷ್ಟೂ ಹೆಚ್ಚುವ ಹಾಗೆ. ಚಿಂತೆ ಬರುವುದನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಬಂದ ಮೇಲೆ ನಾವು ಮಾಡುವ ಕೆಲಸವನ್ನು ಮಾತ್ರ ಬದಲಿಸಬಹುದು. ಇಡೀ ಚಿಕಿತ್ಸೆ ನಿಂತಿದ್ದು ಇದರ ಮೇಲೆ.

ಎರಡನೇ ಭೇಟಿಗೆ ಪತಿ ಮತ್ತು ಮಗನೂ ಬಂದರು. ಬರಲೇಬೇಕಿತ್ತು. ಸಮಾಧಾನ ಕೇಳುವವರು ಒಬ್ಬರಾದರೆ ಕೊಡುವವರು ಮನೆಮಂದಿಯೆಲ್ಲ. "ಸುಮ್ನೆ ಯೋಚ್ನೆ ಮಾಡ್ಬೇಡ, ಧೈರ್ಯ ತಗೋ" ಎಂದು ಪತಿ ಎಂಟು ತಿಂಗಳು ಹೇಳಿದ್ದರು. ಮಗ ರೇಗಿ ಫೋನ್ ಸ್ವಿಚ್ ಆಫ್ ಮಾಡಿಡುತ್ತಿದ್ದ. ಎರಡೂ ಕೆಲಸಕ್ಕೆ ಬರಲಿಲ್ಲ. ಕೂತು ಮಾಡಿಕೊಂಡ ಒಪ್ಪಂದ ಹೀಗಿತ್ತು. ಕಾಲೇಜು ಮುಟ್ಟಿದಾಗ ಒಂದು ಮೆಸೇಜು, ಹೊರಡುವಾಗ ಒಂದು, ಅದನ್ನು ಮಗ ತಾನಾಗಿ ಕಳಿಸುವುದು. ಬೈಕ್ ಓಡಿಸುವಾಗ ಫೋನ್ ಎತ್ತುವುದಿಲ್ಲ. (ಅಮ್ಮನ ಕರೆಗೆ ಹೆದರಿ ಅವನು ಬೈಕ್ ಓಡಿಸುತ್ತಲೇ ಎತ್ತುತ್ತಿದ್ದ ಎಂಬುದು ಅವತ್ತೇ ಹೊರಗೆ ಬಂತು. ಮಗನ ಕ್ಷೇಮಕ್ಕೆಂದು ಮಾಡುತ್ತಿದ್ದ ಕರೆಯೇ ಅಪಾಯವಾಗಿತ್ತು. ಸುಮಾ ಅವರ ನಿರ್ಧಾರ ಗಟ್ಟಿಯಾದದ್ದು ಆಗಲೇ.) ನಡುವೆ ಕರೆ ಬಂದರೆ ಮಗ ಸಿಟ್ಟಾಗದೆ ಒಂದೇ ಮಾತು ಹೇಳಬೇಕು: "ಅಮ್ಮಾ, ಇದು ಗಾಬರಿ ಕೇಳ್ತಿರೋ ಪ್ರಶ್ನೆ. ಸಂಜೆ ಮನೇಲಿ ಮಾತಾಡೋಣ." ವಾದವೂ ಬೇಡ, ಸಮಾಧಾನವೂ ಬೇಡ.

ಕರೆಗಳನ್ನು ಒಂದೇ ದಿನ ನಿಲ್ಲಿಸಲು ಹೇಳಲಿಲ್ಲ. ಹಾಗೆ ಹೇಳಿದರೆ ಎರಡು ದಿನ ತಡೆದು ಮೂರನೇ ದಿನ ಇಪ್ಪತ್ತು ಸಲ ಮಾಡುತ್ತಾರೆ. ಫೋನ್ ಮಾಡಬೇಕು ಅನ್ನಿಸಿದಾಗ ಮೊದಲ ವಾರ 10 ನಿಮಿಷ ಮುಂದೂಡುವುದು, ಆಮೇಲಿನ ವಾರ 20, ಅದರ ಮುಂದೆ 40. ಕಾಯುವಾಗ ಐದು ನಿಮಿಷಕ್ಕೊಮ್ಮೆ ಗಾಬರಿ ಹತ್ತಕ್ಕೆ ಎಷ್ಟಿದೆ ಎಂದು ಚೀಟಿಯಲ್ಲಿ ಬರೆಯುವುದು. ಚೀಟಿಯ ಮೇಲೆ 8, 8, 9, 7, 6, 4 ಎಂದು ಅವರದೇ ಕೈಬರಹದಲ್ಲಿ ಇಳಿಯುವುದು ಕಂಡಾಗ, ಕರೆ ಮಾಡದಿದ್ದರೂ ಗಾಬರಿ ತಾನಾಗಿ ಇಳಿಯುತ್ತದೆ ಎಂದು ನಂಬಲು ಬೇರೆ ಯಾರ ಉಪದೇಶವೂ ಬೇಕಾಗಲಿಲ್ಲ. ಆದರೆ ನಡುವಿನ ಆ 9ರ ಹೊತ್ತಿಗೆ ಕೈಬಿಟ್ಟರೆ ಏರಿದ್ದು ಮಾತ್ರ ನೆನಪಿರುತ್ತದೆ. ಬಹಳ ಜನ ಸೋಲುವುದು ಅಲ್ಲೇ.

ಇನ್ನೊಂದು ತೊಡಕೂ ಬಂತು. ಮಗನಿಗೆ ಕರೆ ಕಡಿಮೆಯಾಗಿ, ತೋಟದಲ್ಲಿದ್ದ ಪತಿಗೆ ಕರೆ ಹೆಚ್ಚಾದವು. ಅತ್ತೆಯವರು ಪ್ರೀತಿಯಿಂದಲೇ ವಾರವಾರ ಶಾಸ್ತ್ರ ಕೇಳಿಸಲು ಕರೆದೊಯ್ಯತೊಡಗಿದರು. ದೇವಸ್ಥಾನಕ್ಕೆ ಹೋಗುವುದಕ್ಕೆ, ಹರಕೆಗೆ ನಮ್ಮ ಅಡ್ಡಿಯಿಲ್ಲ, ಅವು ಎಷ್ಟೋ ಜನರಿಗೆ ಬಲ ಕೊಡುತ್ತವೆ. ಆದರೆ "ಮಗನಿಗೆ ಗಂಡಾಂತರ ಇದೆಯಾ" ಎಂದು ಪ್ರತಿ ವಾರ ಕೇಳಿಸುವುದು ಫೋನ್ ಕರೆಯ ಇನ್ನೊಂದು ರೂಪ. ಇದನ್ನು ಅತ್ತೆಯವರಿಗೂ ಬಿಡಿಸಿ ಹೇಳಿದಾಗ ಒಪ್ಪಿದರು. ಪೂಜೆ ಉಳಿಯಿತು, ಶಾಸ್ತ್ರ ಕೇಳಿಸುವುದು ನಿಂತಿತು. ಬಿ.ಪಿ. ಮೆಷಿನ್ ಪತಿಯ ಬೀರುವಿಗೆ ಹೋಯಿತು. ವೈದ್ಯರು ಹೇಳಿದ ದಿನ, ಐದು ನಿಮಿಷ ಸುಮ್ಮನೆ ಕೂತ ನಂತರವೇ ನೋಡುವುದು ಎಂದಾಯಿತು.

ಉಸಿರಾಟದ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಗಾಬರಿಯಾದವರಿಗೆ "ಜೋರಾಗಿ ಉಸಿರು ಎಳ್ಕೋ" ಎನ್ನುತ್ತಾರೆ. ಅವರು ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳತುದಿ ಜುಮುಗುಡುತ್ತದೆ, ತಲೆ ಹಗುರಾಗುತ್ತದೆ. ಅದನ್ನೇ ಹೃದಯಾಘಾತವೆಂದು ತಿಳಿದು ಇನ್ನಷ್ಟು ಎಳೆಯುತ್ತಾರೆ. ಬೇಕಾದದ್ದು ನಿಧಾನ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ, ಹೊಟ್ಟೆ ಏಳಬೇಕು, ಭುಜ ಏಳಬಾರದು. ಬೆಳಿಗ್ಗೆ ಸಂಜೆ ಐದೈದು ನಿಮಿಷ, ಮನಸ್ಸು ಶಾಂತವಿದ್ದಾಗಲೇ ರೂಢಿಮಾಡಬೇಕು. ಗಾಬರಿಯ ನಡುವೆ ಮೊದಲ ಸಲ ಕಲಿಯಲು ಹೋದರೆ ಆಗದು. ಕುತ್ತಿಗೆ, ಭುಜದ ಬಿಗಿತಕ್ಕೆ ಸ್ನಾಯುಗಳನ್ನು ಏಳು ಸೆಕೆಂಡು ಬಿಗಿ ಹಿಡಿದು ಇಪ್ಪತ್ತು ಸೆಕೆಂಡು ಸಡಿಲ ಬಿಡುವ ಅಭ್ಯಾಸ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ.

ಚಿಂತೆಗೆಂದೇ ಹೊತ್ತು ಗೊತ್ತುಮಾಡಿದ್ದು ಅವರಿಗೆ ಹೆಚ್ಚು ಒಗ್ಗಿತು. ಸಂಜೆ 6.30ರಿಂದ 6.50, ಜಗಲಿಯ ಕುರ್ಚಿಯಲ್ಲಿ. ಮಲಗುವ ಕೋಣೆಯಲ್ಲಿ ಬೇಡ. ಹಗಲು ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಕೆಲಸಕ್ಕೆ ಮರಳುವುದು, ಸಂಜೆ ಆ ಸಾಲುಗಳನ್ನು ತೆಗೆಯುವುದು. ಕೈಯಲ್ಲಿ ಆಗುವಂಥದ್ದಾದರೆ (ಬೈಕಿನ ಟೈರ್ ಸವೆದಿದೆ, ಒಳ್ಳೆಯ ಹೆಲ್ಮೆಟ್ ಇಲ್ಲ) ಯಾರು, ಯಾವ ದಿನ ಮಾಡುವುದು ಎಂದು ಬರೆದು ಮುಗಿಸುವುದು. "ಏನಾದ್ರೂ ಆಗ್ಬಿಟ್ರೆ" ಎಂಬುದಕ್ಕೆ ಉತ್ತರ ಹುಡುಕದೆ "ಇದು ಗೊತ್ತಾಗದ ಸಂಗತಿ" ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು. ಟೈರ್ ಮರುದಿನವೇ ಬದಲಾಯಿತು.

ಕಾಫಿ ದಿನಕ್ಕೆ ಐದು ಲೋಟ ಇತ್ತು. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ಆದ್ದರಿಂದ ನಾಲ್ಕು ದಿನಕ್ಕೊಂದು ಲೋಟ ಇಳಿಸಿ ಎರಡಕ್ಕೆ ತಂದು, ಮಧ್ಯಾಹ್ನ ಎರಡರ ಮೇಲೆ ಬೇಡವೆಂದಾಯಿತು. ರಾತ್ರಿ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರುವುದು, ಗಡಿಯಾರ ನೋಡದೆ ಅಂದಾಜಿನ ಮೇಲೆ. ಏಳುವ ಹೊತ್ತು ಮಾತ್ರ ಬದಲಾಗಬಾರದು.

ನಾಲ್ಕನೇ ಭೇಟಿಯಲ್ಲಿ ಸುಮಾ ಒಂದು ವಿಷಯ ಹೇಳಿದರು. ಯಾರದೋ ಹಳೆಯ ಚೀಟಿಯ ಮೇಲೆ ತಂದ ಅಲ್‌ಪ್ರಾಜೊಲಾಮ್ 0.25 ಮಿ.ಗ್ರಾಂ. ಮಾತ್ರೆಯನ್ನು ಎರಡು ತಿಂಗಳಿಂದ ಬಹುತೇಕ ದಿನಾ ತೆಗೆದುಕೊಳ್ಳುತ್ತಿದ್ದರು. ಈ ಮಾತ್ರೆ ಅರ್ಧ, ಒಂದು ಗಂಟೆಯಲ್ಲೇ ಹಿತ ಕೊಡುತ್ತದೆ, ಅದಕ್ಕೇ ಅಭ್ಯಾಸವೂ ಬೇಗ ಹಿಡಿಯುತ್ತದೆ. ದಿನಾ ತೆಗೆದುಕೊಳ್ಳುತ್ತಿದ್ದವರು ಹಠಾತ್ತನೆ ನಿಲ್ಲಿಸಬಾರದು. ಗಾಬರಿ ದುಪ್ಪಟ್ಟಾಗಬಹುದು, ಫಿಟ್ಸ್ ಬರುವ ಅಪಾಯವೂ ಇದೆ. ಆದ್ದರಿಂದ ಮನೋವೈದ್ಯರ ಬಳಿ ಕಳಿಸಿದೆವು. ಅವರು ಆ ಮಾತ್ರೆಯನ್ನು ಹಂತಹಂತವಾಗಿ ಇಳಿಸಿ, ಅಭ್ಯಾಸ ಹಿಡಿಸದ ಬೇರೆ ಔಷಧಿ ಶುರುಮಾಡಿದರು. ಅಂಥ ಔಷಧಿ ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಸ್ವಲ್ಪ ಹೆಚ್ಚಬಹುದು ಎಂದು ಮೊದಲೇ ತಿಳಿಸಿದ್ದರಿಂದ ಅವರು ಬಿಡಲಿಲ್ಲ. ತಿಳಿಯದೆ ಮೂರನೇ ದಿನವೇ ಬಿಟ್ಟುಬಿಡುವವರು ಬಹಳ.

ಸಲಹೆಗಾರರು ಹತ್ತಿರದಲ್ಲಿ ಇಲ್ಲದ ಊರಿನವರಿಗೂ ದಾರಿಯಿದೆ. ಟೆಲಿ ಮಾನಸ್ ಸಹಾಯವಾಣಿ 14416, 2022ರಿಂದ ನಡೆಯುತ್ತಿದೆ. ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ವ್ಯವಸ್ಥೆಯಿದೆ, ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರವೆಂದು ವಿಚಾರಿಸಿ ಹೋಗಿ. ಎದೆನೋವು ಎಡಗೈಗೋ ದವಡೆಗೋ ಹರಿದು ಮೈ ಬೆವರಿದರೆ ಆತಂಕವೆಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬದುಕೇ ಬೇಡ ಎಂಬ ಯೋಚನೆ ಬಂದರೂ ಅಷ್ಟೇ, ಮರುದಿನಕ್ಕೆ ಮುಂದೂಡಬಾರದು.

ಎಂಟನೇ ಭೇಟಿಯ ಹೊತ್ತಿಗೆ ಆ ಪ್ರಶ್ನೆಪಟ್ಟಿಯ ಅಂಕ 16ರಿಂದ 7ಕ್ಕೆ ಇಳಿದಿತ್ತು. ಕರೆ ದಿನಕ್ಕೆ ಒಂದೆರಡು, ಅದೂ ಮೊಸರು ತರಲು ಹೇಳುವಂಥವು. ಜುಲೈ ಮಳೆಯಲ್ಲಿ ಮರ ಬಿದ್ದು, ಕರೆಂಟು ನೆಟ್‌ವರ್ಕ್ ಎರಡೂ ಹೋಗಿ, ಮಗ ಎರಡು ಗಂಟೆ ತಡವಾದ ದಿನ ಎಲ್ಲ ಮತ್ತೆ ಶುರುವಾಯಿತು. ಆ ವಾರ ಕರೆ ದಿನಕ್ಕೆ ಒಂಬತ್ತಕ್ಕೆ ಏರಿತು. ಅಂಥ ವಾರ ಮೊದಲಿನಿಂದ ಆರಂಭಿಸಬೇಕಿಲ್ಲ. ಕೊನೆಗೆ ಸಲೀಸಾಗಿ ಆಗುತ್ತಿದ್ದ ಮೆಟ್ಟಿಲಿಗೆ, ಇವರ ಲೆಕ್ಕದಲ್ಲಿ 20 ನಿಮಿಷದ ಮುಂದೂಡಿಕೆಗೆ, ಇಳಿದು ಅಲ್ಲಿಂದ ಹತ್ತಬೇಕು. ಹತ್ತು ದಿನದಲ್ಲಿ ಸರಿಹೋಯಿತು. ಈಗ ತಿಂಗಳಿಗೊಮ್ಮೆ ಬರುತ್ತಾರೆ. ಔಷಧಿಯನ್ನು ಎಷ್ಟು ಕಾಲ ಮುಂದುವರಿಸಬೇಕು, ಹೇಗೆ ಇಳಿಸಬೇಕು ಎಂಬುದು ಮನೋವೈದ್ಯರ ತೀರ್ಮಾನ. ಮುಂದಿನ ವರ್ಷ ಮಗ ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋಗುವವನಿದ್ದಾನೆ. ಅದಕ್ಕೆ ಮೊದಲೇ ಅವನು ಎರಡು ವಾರಾಂತ್ಯ ಸ್ನೇಹಿತನ ಕೋಣೆಯಲ್ಲಿ ಉಳಿದು ಬರುವುದು, ದಿನಕ್ಕೆ ರಾತ್ರಿ ಎಂಟರ ಒಂದೇ ಕರೆ ಎಂದು ಮನೆಯವರೆಲ್ಲ ಕೂತು ಗೊತ್ತುಮಾಡಿಕೊಂಡಿದ್ದಾರೆ.