ಮೆಕೆಂಝಿ ನದಿಯ ನೀರಿನ ಲೆಕ್ಕ ಯಾಕೆ ಕೂಡಲ್ಲ?

ಪ್ರಶ್ನೆ: ಕೆನಡಾದ ಮೆಕೆಂಝಿ ನದಿಯ ನೀರು, ಹವಾಮಾನ ಸ್ಟಡಿ ಮಾಡೋಕೆ ಮ್ಯಾಗ್ಸ್ ಅಂತ ಒಂದು ಪ್ರಾಜೆಕ್ಟ್ ಸುಮಾರು ಹತ್ತು ವರ್ಷ ನಡೀತಂತೆ. ಎಷ್ಟು ಮಳೆ ಹಿಮ ಬಿತ್ತು, ನದೀಲಿ ಎಷ್ಟು ಹರೀತು ಅಂತ ಅಳೆದು ಕಳೆದುಬಿಟ್ರೆ ಆಯ್ತಲ್ವಾ ಸಾರ್, ಅಷ್ಟು ವರ್ಷ ಯಾಕೆ?

ಉತ್ತರ: ಲೆಕ್ಕದ ದಾರಿ ನೀವು ಹೇಳಿದ್ದೇ. ಬಿದ್ದಿದ್ರಲ್ಲಿ ಆವಿಯಾಗಿದ್ದನ್ನ ಕಳೆದ್ರೆ ಉಳಿದಿದ್ದು ನದೀಲಿ ಹರಿದಿರಬೇಕು, ಇಲ್ಲಾ ಸರೋವರದಲ್ಲೋ ಹಿಮದಲ್ಲೋ ಮಣ್ಣಲ್ಲೋ ಕೂತಿರಬೇಕು. ಕಷ್ಟ ಇರೋದು ಅಳೆಯೋದ್ರಲ್ಲಿ. ಈ ನದಿಯ ಜಲಾನಯನ ಪ್ರದೇಶ ಸುಮಾರು 18 ಲಕ್ಷ ಚದರ ಕಿಲೋಮೀಟರ್, ಕೆನಡಾದ ಐದರಲ್ಲಿ ಒಂದು ಪಾಲು ಹತ್ರ ಹತ್ರ, ಅಷ್ಟಗಲಕ್ಕೆ ವೆದರ್ ಸ್ಟೇಷನ್‌ಗಳು ತೀರಾ ಕಮ್ಮಿ, ಇರೋವೂ ಜಾಸ್ತಿ ಕಣಿವೇಲಿ, ಊರ ಪಕ್ಕದಲ್ಲಿ, ಬೆಟ್ಟದ ಮೇಲೆ ಬೀಳೋ ಹಿಮ ಸರಿಯಾಗಿ ಲೆಕ್ಕಕ್ಕೇ ಸಿಗಲ್ಲ.

ಇನ್ನು ಸ್ಟೇಷನ್ ಇರೋ ಕಡೆನಾದ್ರೂ ಸರಿಯಾಗಿ ಸಿಗತ್ತಾ ಅಂದ್ರೆ ಅದೂ ಇಲ್ಲ. ಮಳೆ ಹನಿ ನೇರ ಗೇಜಿನ, ಅಂದ್ರೆ ಮಳೆ ಹಿಮ ಹಿಡಿದು ಅಳೆಯೋ ಪಾತ್ರೆಯ, ಬಾಯಿಗೆ ಬೀಳತ್ತೆ, ಹಿಮ ಹಗುರ, ಗಾಳಿ ಗೇಜಿಗೆ ಬಡಿದು ಮೇಲೆದ್ದಾಗ ಹಿಮದ ಚೂರುಗಳೂ ಅದರ ಜೊತೆ ಬಾಯಿ ದಾಟಿ ಆಚೆ ಹೋಗಿಬಿಡತ್ವೆ. ಅದಕ್ಕೇ ಗೇಜಿನ ಸುತ್ತ ಗಾಳಿತಡೆ ಕಟ್ಟಿರ್ತಾರೆ, ಆಮೇಲೂ ಗಾಳಿಯ ವೇಗ ನೋಡಿ ಅಂಕಿ ತಿದ್ದಬೇಕು. ಅಳೆಯೋಕಾಗದಷ್ಟು ಸಣ್ಣಗೆ ಹಿಮ ಬಿದ್ದ ದಿನ ಪುಸ್ತಕದಲ್ಲಿ ಸೊನ್ನೆ ಅಂತಲೇ ಸೇರ್ತಿತ್ತು, ಚಳಿಗಾಲ ಪೂರ್ತಿ ಅಂಥ ದಿನಗಳನ್ನ ಕೂಡಿಸಿದ್ರೆ ಅದು ಸಣ್ಣ ಮೊತ್ತ ಅಲ್ಲ. ನೆಲಕ್ಕೆ ಬಿದ್ದ ಹಿಮ ಕೂಡ ಅಲ್ಲೇ ಇರಲ್ಲ! ಮರಗಳಿಲ್ಲದ ಉತ್ತರದ ಬಯಲಲ್ಲಿ ಗಾಳಿ ಹಿಮಾನ ಎಬ್ಬಿಸಿ ಹೊತ್ಕೊಂಡು ಹೋಗುವಾಗ ಅದರಲ್ಲಿ ಒಂದು ಪಾಲು ಕರಗದೇ ನೇರವಾಗಿ ಆವಿಯಾಗತ್ತೆ, ದಕ್ಷಿಣದ ಸ್ಪ್ರೂಸ್ ಕಾಡಲ್ಲಿ ಕೊಂಬೆ ಮೇಲೆ ಸಿಕ್ಕಿಕೊಂಡ ಹಿಮಾನೂ ಹೀಗೇ ಹೋಗತ್ತೆ, ಅಂದ್ರೆ ಅಷ್ಟು ನೀರು ನದಿ ಮುಖಾನೇ ನೋಡಲ್ಲ.

ನನಗೆ ಇದರಲ್ಲಿ ತುಂಬಾ ಇಷ್ಟ ಆಗೋದು ಸರೋವರಗಳ ಭಾಗ. ಮೆಕೆಂಝಿ ಹೊರಡೋ ಗ್ರೇಟ್ ಸ್ಲೇವ್ ಸರೋವರ 614 ಮೀಟರ್ ಆಳ, ಉತ್ತರ ಅಮೆರಿಕದಲ್ಲೇ ಅತಿ ಆಳದ್ದು. ಬೇಸಿಗೇಲಿ ಬಿಸಿಲು ಜಾಸ್ತಿ ಅಲ್ವಾ, ಆವಿ ಆಗೋದೂ ಆಗಲೇ ಜಾಸ್ತಿ ಇರಬೇಕು ಅನ್ಸತ್ತೆ, ಆದ್ರೆ ಆಗ ನೀರು ಇನ್ನೂ ತಣ್ಣಗೇ ಇರತ್ತೆ, ಬಿಸಿಲೆಲ್ಲ ಅದನ್ನ ಕಾಯಿಸೋಕೇ ಹೋಗತ್ತೆ. ಶರತ್ಕಾಲದಲ್ಲಿ ತಣ್ಣನೆ ಒಣಗಾಳಿ ಬೀಸೋ ಹೊತ್ತಿಗೆ ನೀರು ಗಾಳಿಗಿಂತ ಬೆಚ್ಚಗಿರತ್ತೆ ನೋಡಿ, ಆವಾಗ ಶುರುವಾಗತ್ತೆ ಜೋರು ಆವಿ, ಮೇಲ್ಮೈ ಹೆಪ್ಪುಗಟ್ಟೋ ತನಕ ನಡೆಯತ್ತೆ. ಸರೋವರದೊಳಗಿನ ಬಂಡೆದ್ವೀಪದ ಮೇಲೆ ಉಪಕರಣ ಇಟ್ಟು ಅಳೆದ ಮೇಲೆ ಇದು ಅಂಕಿ ಸಮೇತ ಸಿಕ್ಕಿದ್ದು.

ಇದನ್ನೆಲ್ಲ ತಾಳೆ ನೋಡೋಕೆ ಇನ್ನೊಂದು ದಾರಿ ಇದೆ, ಆಕಾಶದ ಕಡೆಯಿಂದ. ವೆದರ್ ಬಲೂನ್‌ಗಳ ಅಳತೆ ಇಟ್ಕೊಂಡು, ಈ ಪ್ರದೇಶದ ಮೇಲಿನ ಗಾಳಿಗೆ ನೀರಾವಿ ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯ್ತು ಅಂತ ಲೆಕ್ಕ ಹಾಕೋದು. ದೀರ್ಘಾವಧಿಯಲ್ಲಿ ಆ ವ್ಯತ್ಯಾಸಕ್ಕೂ ನದಿ ಸಮುದ್ರಕ್ಕೆ ಸುರಿಯೋ ನೀರಿಗೂ ಹೊಂದಬೇಕು. ಹೊಂದದೇ ಇದ್ದಾಗ ಎಲ್ಲಿ ತಪ್ಪಿದೆ ಅಂತ ಒಂದೊಂದೇ ಹುಡುಕೋದು, ಹತ್ತು ವರ್ಷ ಹೋಗಿದ್ದು ಇದಕ್ಕೇ, ಮತ್ತೆ ಅದು ಪೂರ್ತಿ ಸಾರ್ಥಕ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ನದಿಯ ಹರಿವು ಬದಲಾದ್ರೆ ಅದು ಹವಾಮಾನದಿಂದಾನಾ ಡ್ಯಾಮಿಂದಾನಾ ಅಂತ ಹೇಗೆ ಗೊತ್ತಾಗತ್ತೆ?

ಉತ್ತರ: ಇದು ನಿಜಕ್ಕೂ ಸಿಕ್ಕು. ಮೆಕೆಂಝಿಗೆ ನೀರು ತರೋ ಪೀಸ್ ನದಿಗೆ 1960ರ ದಶಕದ ಕೊನೇಲಿ ಬೆನೆಟ್ ಡ್ಯಾಮ್ ಕಟ್ಟಿದ್ರು, ಬೇಸಿಗೆ ನೀರನ್ನ ಹಿಡಿದಿಟ್ಟು ಚಳಿಗಾಲದಲ್ಲಿ ಕರೆಂಟ್‌ಗೋಸ್ಕರ ಬಿಡ್ತಾರೆ, ಅದರಿಂದ ಚಳಿಗಾಲದ ಹರಿವು ಜಾಸ್ತಿಯಾಯ್ತು. ಆದ್ರೆ ಪರ್ಮಾಫ್ರಾಸ್ಟ್, ಅಂದ್ರೆ ವರ್ಷವಿಡೀ ಹೆಪ್ಪುಗಟ್ಟಿರೋ ನೆಲ, ಕರಗಿದ್ರೂ ಅಂತರ್ಜಲ ಹರಿಯೋಕೆ ದಾರಿಯಾಗಿ ಚಳಿಗಾಲದ ಹರಿವು ಜಾಸ್ತಿಯಾಗಬಹುದು! ಹಾಗಾಗಿ ದೊಡ್ಡ ಡ್ಯಾಮ್ ಇಲ್ಲದ ಲಿಯಾರ್ಡ್ ನದಿಯಂಥ ಉಪನದಿಗಳ ಹಳೇ ದಾಖಲೆ ತುಂಬಾ ಬೆಲೆಬಾಳುವಂಥದ್ದು, ಅಲ್ಲಿ ಬದಲಾವಣೆ ಕಂಡ್ರೆ ಡ್ಯಾಮನ್ನ ದೂರೋ ಹಾಗಿಲ್ಲ.

ಪ್ರಶ್ನೆ: ಈ ಲೆಕ್ಕದಿಂದ ಅಲ್ಲಿನ ಜನರಿಗೇನು ಉಪಯೋಗ?

ಉತ್ತರ: ಉಪಯೋಗ ಇದೆ, ಬಹಳ ಇದೆ. ನೀರು ಯಾವಾಗ ಏರಬಹುದು, ಯಾವಾಗ ಇಳಿಯಬಹುದು ಅಂತ ಅಂದಾಜು ಮಾಡೋಕೆ ಈ ಲೆಕ್ಕಾನೇ ಬೇಕು. ಲಿಯಾರ್ಡ್ ದಕ್ಷಿಣದಿಂದ ಮೊದಲು ಕರಗಿ ಬಂದು, ಇನ್ನೂ ಹೆಪ್ಪುಗಟ್ಟಿರೋ ಮೆಕೆಂಝಿಗೆ ಫೋರ್ಟ್ ಸಿಂಪ್ಸನ್ ಹತ್ರ ಗುದ್ದತ್ತೆ, ಹಿಮಗಡ್ಡೆ ಅಡ್ಡ ಸಿಕ್ಕಿ ನೀರು ಏರತ್ತೆ, 2021ರ ಮೇನಲ್ಲಿ ಊರಿಗೇ ನುಗ್ಗಿ ಜನ ಮನೆ ಬಿಡಬೇಕಾಯ್ತು. ಆಮೇಲೆ 2024ರಲ್ಲಿ ಉಲ್ಟಾ, ನದೀಲಿ ನೀರು ಎಷ್ಟು ಇಳೀತು ಅಂದ್ರೆ ನದಿ ದಂಡೆಯ ನಾರ್ಮನ್ ವೆಲ್ಸ್ ಅನ್ನೋ ಊರಿಗೆ ಸಾಮಾನು ತರೋ ಬಾರ್ಜ್‌ಗಳೇ (ಸರಕು ದೋಣಿಗಳೇ) ಕ್ಯಾನ್ಸಲ್. ಅಲ್ಲಿಗೆ ವರ್ಷವಿಡೀ ಓಡಾಡೋ ರಸ್ತೆ ಇಲ್ಲ, ವಿಮಾನದಲ್ಲಿ ತರಿಸಿದ್ರೆ ಇಂಧನದ ಖರ್ಚು ಎಲ್ಲಿಗೆ ಹೋಗತ್ತೆ ಅಂತ ನೀವೇ ಯೋಚಿಸಿ, ಚಳಿಗಾಲದಲ್ಲಿ ಮನೆ ಬೆಚ್ಚಗಿಡೋಕೂ ಅದೇ ಇಂಧನ ಬೇಕು.