ವಾರಾಂತ್ಯಕ್ಕೆ ಗ್ರನಾಡಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶುಕ್ರವಾರ ರಾತ್ರಿ ಸ್ಪೇನಿನ ಗ್ರನಾಡಾ ತಲುಪಿ ಭಾನುವಾರ ಸಂಜೆ ಹೊರಡುತ್ತೇವೆ. ಆಲ್ಹಾಂಬ್ರಾ ಕೋಟೆಗೆ ಅರ್ಧ ದಿನ ಸಾಕೇ? ಟಿಕೆಟ್ ಅಲ್ಲೇ ಹೋಗಿ ತೆಗೆದುಕೊಳ್ಳಬಹುದೇ?
– ಮ್ಯೂನಿಕ್‌ನ ಓದುಗರು

ಉತ್ತರ: ಅರ್ಧ ದಿನ ಸಾಕು. ಆದರೆ ಅಲ್ಲೇ ಹೋಗಿ ಟಿಕೆಟ್ ಕೊಳ್ಳುವ ಯೋಚನೆ ಬಿಟ್ಟುಬಿಡಿ. ವಾರಾಂತ್ಯದ ಟಿಕೆಟ್‌ಗಳು ಹಲವು ವಾರ ಮೊದಲೇ ಮುಗಿದಿರುತ್ತವೆ. ವಿಮಾನ, ಹೋಟೆಲ್ ಬುಕ್ ಮಾಡುವ ಮುಂಚೆಯೇ ಆಲ್ಹಾಂಬ್ರಾದ ಅಧಿಕೃತ ಜಾಲತಾಣದಲ್ಲಿ ದಿನ ನೋಡಿಕೊಳ್ಳಿ. ಈ ಊರಿನ ಮಟ್ಟಿಗೆ ಸರಿಯಾದ ಕ್ರಮ ಅದೇ.

ಬೇಕಾದದ್ದು ‘ಜನರಲ್’ ಟಿಕೆಟ್, ಬೆಲೆ 20 ಯೂರೋ ಆಸುಪಾಸು. ಇದರಲ್ಲಿ ಆಲ್ಕಸಾಬಾ ಕೋಟೆ, ಇಲ್ಲಿ ಆಳಿದ ಮುಸ್ಲಿಂ ಸುಲ್ತಾನರ ನಾಸ್ರಿದ್ ಅರಮನೆಗಳು, ಹೆನೆರಲೀಫೆ ತೋಟ ಮೂರೂ ಸೇರಿವೆ. ಕೊಳ್ಳುವಾಗ ನೀವು ಆರಿಸುವ ಸಮಯ ನಾಸ್ರಿದ್ ಅರಮನೆಗಳ ಬಾಗಿಲಿಗೆ ಸಂಬಂಧಿಸಿದ್ದು, ಕೋಟೆಯ ಹೊರ ಬಾಗಿಲಿಗಲ್ಲ. 10 ಗಂಟೆ ಎಂದಿದ್ದರೆ 10ರಿಂದ 10.30ರೊಳಗೆ ಒಳಗೆ ಹೋಗಬೇಕು, ತಡವಾದರೆ ಬಿಡುವುದಿಲ್ಲ. ಮುಖ್ಯ ಟಿಕೆಟ್ ಕಟ್ಟೆಯಿಂದ ಆ ಬಾಗಿಲಿಗೆ ನಡೆದು ಹೋಗಲು ಕಾಲು ಗಂಟೆಗೂ ಹೆಚ್ಚು ಬೇಕು. ಇದು ಗೊತ್ತಿಲ್ಲದೆ ಹೊರ ಬಾಗಿಲಿಗೆ ಸರಿಯಾಗಿ 10ಕ್ಕೆ ಬಂದವರೇ ಅಲ್ಲಿ ಓಡುತ್ತಾ ಹೋಗುವುದು.

ಶನಿವಾರ ಬೆಳಿಗ್ಗೆ 10ರ ಸಮಯ ಸಿಕ್ಕರೆ ಹೀಗೆ ಮಾಡಿ. ಊರ ನಡುವಿನ ಪ್ಲಾಸಾ ನುಯೆವಾ ಚೌಕದಿಂದ ಗೊಮೆರೆಸ್ ಏರುದಾರಿ ಹತ್ತಿ, ಮರಗಳ ನೆರಳಲ್ಲಿ ಸುಮಾರು ಇಪ್ಪತ್ತು ನಿಮಿಷ ನಡೆದರೆ ‘ನ್ಯಾಯದ ಬಾಗಿಲು’ ಸಿಗುತ್ತದೆ. ಟಿಕೆಟ್ ಮೊಬೈಲ್‌ನಲ್ಲಿದ್ದರೆ ಮುಖ್ಯ ಕಟ್ಟೆಗೆ ಹೋಗುವುದೇ ಬೇಡ, ಇಲ್ಲಿಂದಲೇ ಒಳಗೆ. 8.30ರ ಹೊತ್ತಿಗೆ ಆಲ್ಕಸಾಬಾ. ಅದರ ವೇಲಾ ಗೋಪುರ ಹತ್ತಿ ಇಳಿಯಲು ಒಂದು ಗಂಟೆ. 9.50ಕ್ಕೆ ಪಕ್ಕದಲ್ಲೇ ಇರುವ ಅರಮನೆಗಳ ಸಾಲಿಗೆ. ಅರಮನೆಗಳಿಂದ ಹೊರಬಂದರೆ ಪಾರ್ತಾಲ್ ತೋಟ, ಅಲ್ಲಿಂದ ಹಾಗೇ ನಡೆದರೆ ಹೆನೆರಲೀಫೆ, ಅದು ಮುಗಿದರೆ ಮುಖ್ಯ ಬಾಗಿಲು, ಬಸ್ಸು. ಒಂದೇ ದಿಕ್ಕಿನ ನಡಿಗೆ, ಹಿಂದಕ್ಕೆ ಬರುವ ಪ್ರಮೇಯವಿಲ್ಲ. ಆಲ್ಕಸಾಬಾವನ್ನು ಕೊನೆಗೆ ಇಟ್ಟುಕೊಂಡವರು ಬಿಸಿಲಲ್ಲಿ ಇಡೀ ಗುಡ್ಡ ವಾಪಸ್ ನಡೆಯಬೇಕಾಗುತ್ತದೆ. ಒಂದೊಂದು ಭಾಗಕ್ಕೂ ಒಂದೇ ಸಲ ಪ್ರವೇಶ ಎಂಬುದೂ ನೆನಪಿರಲಿ.

ಜನರಲ್ ಟಿಕೆಟ್ ಮುಗಿದಿದೆಯೇ? ರಾತ್ರಿ ಹೊತ್ತು ನಾಸ್ರಿದ್ ಅರಮನೆಗಳಿಗೆ ಬೇರೆ ಟಿಕೆಟ್ ಇದೆ. ಬೇಸಿಗೆಯ ತಿಂಗಳುಗಳಲ್ಲಿ ಮಂಗಳವಾರದಿಂದ ಶನಿವಾರ, ಚಳಿಗಾಲದಲ್ಲಿ ಶುಕ್ರವಾರ ಮತ್ತು ಶನಿವಾರ. ತೋಟಗಳು ಮತ್ತು ಆಲ್ಕಸಾಬಾಕ್ಕೆ ಹಗಲಿನ ಪ್ರತ್ಯೇಕ ಟಿಕೆಟ್ ಇದೆ. ಶನಿವಾರ ರಾತ್ರಿ ಅರಮನೆ, ಭಾನುವಾರ ಬೆಳಿಗ್ಗೆ ತೋಟ ಎಂದು ಎರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಎಲ್ಲವನ್ನೂ ನೋಡಿದ ಹಾಗೆ. ತೋಟದ ಟಿಕೆಟ್ಟೊಂದನ್ನೇ ಕೊಂಡು ಅರಮನೆಯ ಬಾಗಿಲಲ್ಲಿ ನಿಲ್ಲಬೇಡಿ, ಅದರಲ್ಲಿ ಅರಮನೆ ಸೇರಿಲ್ಲ.

ಟಿಕೆಟ್‌ನಲ್ಲಿ ಹೆಸರಿನ ಜೊತೆ ಪಾಸ್‌ಪೋರ್ಟ್ ಸಂಖ್ಯೆ ಇರುತ್ತದೆ. ಅದೇ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ, ಫೋಟೋ ನಂಬಬೇಡಿ. ಚಿಕ್ಕ ಮಕ್ಕಳಿಗೆ ಹಣವಿಲ್ಲದಿದ್ದರೂ ಅವರ ಹೆಸರಲ್ಲೂ ಟಿಕೆಟ್ ತೆಗೆಯಲೇಬೇಕು. ಡಿಸೆಂಬರ್ 25 ಮತ್ತು ಜನವರಿ 1ರಂದು ಆಲ್ಹಾಂಬ್ರಾ ಮುಚ್ಚಿರುತ್ತದೆ.

ಪ್ರಶ್ನೆ: ಅರಮನೆಯಲ್ಲಿ ಕೋಣೆಯ ಮೇಲೆ ಕೋಣೆ, ಎಲ್ಲ ಒಂದೇ ಥರ ಎನ್ನುತ್ತಾರೆ ಹೋಗಿಬಂದವರು. ಏನನ್ನು ಗಮನಿಸಬೇಕು?
– ಮೈಸೂರಿನ ಓದುಗರು

ಉತ್ತರ: ಹಾಗೆ ಅನ್ನುವವರು ಫೋಟೋ ತೆಗೆಯುವುದರಲ್ಲೇ ಮುಳುಗಿದ್ದಿರಬೇಕು. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಸೊಂಟದೆತ್ತರದವರೆಗೆ ಬಣ್ಣದ ಹೆಂಚಿನ ತುಂಡುಗಳ ಜೋಡಣೆ, ಅದರ ಮೇಲೆ ಕೆತ್ತಿದ ಗಾರೆ, ತುದಿಯಲ್ಲಿ ಮರದ ಚಾವಣಿ. ಒರಗಿ ಕೂರುವ ಎತ್ತರಕ್ಕೆ ಸವೆಯದ ಹೆಂಚು, ಕೈಗೆ ಎಟುಕದ ಕಡೆ ಮೆದು ಗಾರೆ. ಗಾರೆಯ ಸಂದುಗಳಲ್ಲಿ ಅಲ್ಲಲ್ಲಿ ನೀಲಿ, ಕೆಂಪು ಬಣ್ಣ ಇನ್ನೂ ಉಳಿದಿದೆ. ಈಗ ಬಿಳಿಚಿಕೊಂಡಂತೆ ಕಾಣುವ ಈ ಗೋಡೆಗಳು ಒಂದು ಕಾಲಕ್ಕೆ ಢಾಳಾಗಿದ್ದವು. ಬಳ್ಳಿಯ ನಕಾಶೆಯಂತೆ ತೋರುವುದರಲ್ಲಿ ಬಹಳಷ್ಟು ಅರಬ್ಬಿ ಬರಹ. ‘ಅಲ್ಲಾಹನ ಹೊರತು ವಿಜಯಿ ಇನ್ನಿಲ್ಲ’ ಎಂಬ ನಾಸ್ರಿದ್ ವಂಶದ ಘೋಷವಾಕ್ಯ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಆ ಆಕಾರ ಗುರುತು ಹಿಡಿದರೆ ಆಮೇಲೆ ಎಲ್ಲೆಡೆ ಕಾಣುತ್ತದೆ.

ಎರಡನೆಯದು ನೀರು. ದಾರೋ ನದಿಯನ್ನು ಗುಡ್ಡದ ಮೇಲ್ಭಾಗದಲ್ಲೇ ತಡೆದು, ಸುಮಾರು 6 ಕಿ.ಮೀ. ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಇಲ್ಲಿಗೆ ತಂದಿದ್ದರು. ಅರಮನೆಯೊಳಗಿನ ಮರ್ಟಲ್ ಗಿಡಗಳ ಅಂಗಳದ ಕೊಳದ ಎರಡೂ ತುದಿಯಲ್ಲಿ ದುಂಡನೆಯ ತಗ್ಗು ಕಲ್ಲುತೊಟ್ಟಿಗಳಿವೆ. ಬುಗ್ಗೆಯ ನೀರು ಅಲ್ಲಿ ರಭಸ ಕಳೆದುಕೊಂಡು, ಸಣ್ಣ ಕಾಲುವೆಯಲ್ಲಿ ನಿಧಾನಕ್ಕೆ ಕೊಳಕ್ಕೆ ಇಳಿಯುತ್ತದೆ. ಅಲೆ ಏಳದೆ ಕೋಮಾರೆಸ್ ಗೋಪುರದ ಬಿಂಬ ಕೆಡದಿರಲಿ ಎಂಬುದೇ ಆ ಏರ್ಪಾಟು. ಮುಂದೆ 12 ಸಿಂಹಗಳು ಹೊತ್ತ ತೊಟ್ಟಿಯ ಅಂಗಳದಲ್ಲಿ ಇದಕ್ಕೆ ಪೂರ್ತಿ ವಿರುದ್ಧ, ನೀರು ಸದಾ ಓಡುತ್ತಿರುತ್ತದೆ. ಆ ತೊಟ್ಟಿಯ ಅಂಚಿನಲ್ಲಿ ಕವಿ ಇಬ್ನ್ ಜಮ್ರಕ್‌ನ ಪದ್ಯವಿದೆ. ಪಕ್ಕದ ‘ಇಬ್ಬರು ಸಹೋದರಿಯರ ಕೋಣೆ’ಯಲ್ಲಿ ತಲೆ ಎತ್ತಿ ಜೇನುಗೂಡಿನಂಥ ಗಾರೆ ಗುಮ್ಮಟ ನೋಡದೆ ಹೊರಡಬೇಡಿ.

ಹೊರಗಿನ, ಚಕ್ರವರ್ತಿ ಐದನೇ ಕಾರ್ಲೋಸನ ಅರಮನೆ ಈ ನಾಜೂಕಿನ ಪಕ್ಕದಲ್ಲಿ ಭಾರವಾಗಿ ಕೂತಿದೆ. 1492ರಲ್ಲಿ ಕೊನೆಯ ಸುಲ್ತಾನ ಬೊಅಬ್ದಿಲ್ ಸ್ಪೇನಿನ ಕ್ರೈಸ್ತ ದೊರೆಗಳಿಗೆ ಊರು ಒಪ್ಪಿಸಿದ ಮೇಲೆ, 1527ರಲ್ಲಿ ಶುರುವಾದ ಕಟ್ಟಡ. ಚೌಕದೊಳಗೆ ದುಂಡು ಅಂಗಳ. ಪ್ರವೇಶ ಉಚಿತ, ಹತ್ತು ನಿಮಿಷ ಸಾಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಪಾನೀಯದ ಜೊತೆ ತಿಂಡಿ ಪುಕ್ಕಟೆ ಎಂದು ಕೇಳಿದ್ದೇವೆ. ನಮಗೂ ಸಿಗುತ್ತದೆಯೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಸಿಗುತ್ತದೆ, ಆದರೆ ಕೇಳಿ ಪಡೆಯಬೇಕು. ತಾಪಾ ಎನ್ನುವ ಈ ತಿಂಡಿ ಬಿಯರ್, ವೈನ್, ಸಾಮಾನ್ಯವಾಗಿ ತಂಪು ಪಾನೀಯಗಳ ಜೊತೆಗೂ ಬರುತ್ತದೆ, ಕಾಫಿಗೆ ಬರುವುದಿಲ್ಲ. ಪಾನೀಯ ಹೇಳುವಾಗಲೇ ಹೇಳಿಬಿಡಿ, ತಟ್ಟೆ ಬಂದ ಮೇಲಲ್ಲ. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದಷ್ಟೇ ಅಂದರೆ ಟ್ಯೂನಾ ಮೀನೋ ಹಂದಿಯ ಹ್ಯಾಮೋ ಬರುವುದುಂಟು. ‘ಸಿನ್ ಹಮೋನ್, ಸಿನ್ ಪೆಸ್ಕಾದೋ, ಸಿನ್ ಅತೂನ್’ ಎಂದು ಹ್ಯಾಮ್, ಮೀನು, ಟ್ಯೂನಾ ಮೂರನ್ನೂ ಬಿಡಿಸಿ ಹೇಳಿ. ಮೊಟ್ಟೆ ಇದೆಯೇ ಎಂದು ಕೇಳಲು ‘ಯೇವಾ ಉಯೇವೊ?’

ಮೋಸಹೋಗುವುದು ತರಕಾರಿಯಂತೆ ಕಾಣುವ ತಿನಿಸುಗಳಲ್ಲಿ. ಸಾಲ್ಮೊರೇಹೊ ಎಂಬ ಟೊಮೆಟೊ ಸೂಪಿನ ಮೇಲೆ ಹ್ಯಾಮ್ ಚೂರು, ಮೊಟ್ಟೆ ಉದುರಿಸಿರುತ್ತಾರೆ. ಅವರೆ ಜಾತಿಯ ಕಾಳಿನ ಪಲ್ಯದಲ್ಲಿ ಹ್ಯಾಮ್, ಕಿತ್ತಳೆಯ ರೆಮೊಹೋನ್ ಸಲಾಡಿನಲ್ಲಿ ಉಪ್ಪುಮೀನು. ನಂಬಬಹುದಾದದ್ದು ಗಾಸ್ಪಾಚೊ ಎಂಬ ತಣ್ಣನೆಯ ಟೊಮೆಟೊ ಸೂಪು, ಮತ್ತು ಕಬ್ಬಿನ ಪಾಕ ಸುರಿದ ಬದನೆಕಾಯಿ ಬಜ್ಜಿ. ಬಜ್ಜಿಯ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ. ಕಾಲ್ದೆರೆರಿಯಾ ನುಯೆವಾ ಬೀದಿಯ ಅರಬ್ ಅಂಗಡಿಗಳಲ್ಲಿ ಕಡಲೆಕಾಳಿನ ವಡೆಯಂಥ ಫಲಾಫೆಲ್ ಸಿಗುತ್ತದೆ. ಮಧ್ಯಾಹ್ನ 4ರಿಂದ ರಾತ್ರಿ 8ರವರೆಗೆ ಬಹುತೇಕ ಅಡುಗೆಮನೆಗಳು ಮುಚ್ಚಿರುತ್ತವೆ, ಬ್ಯಾಗಿನಲ್ಲಿ ಚಪಾತಿ-ಚಟ್ನಿಪುಡಿ ಇದ್ದರೆ ಒಳ್ಳೆಯದೇ.

ಪ್ರಶ್ನೆ: ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದೇನೆ, ಭಾರತದ ಪಾಸ್‌ಪೋರ್ಟ್. ವೀಸಾ ಬೇಕೇ?
– ಐರ್ಲೆಂಡ್‌ನ ಓದುಗರು

ಉತ್ತರ: ಬೇಕು. ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಾದ ಷೆಂಗೆನ್‌ನಲ್ಲಿ ಸ್ಪೇನ್ ಇದೆ, ಐರ್ಲೆಂಡ್ ಇಲ್ಲ. ಜರ್ಮನಿಯಂಥ ಷೆಂಗೆನ್ ದೇಶದ ವಾಸ ಪರವಾನಗಿ ಇದ್ದವರಿಗೆ ಪಾಸ್‌ಪೋರ್ಟ್ ಮತ್ತು ಆ ಕಾರ್ಡು ಸಾಕು.

ಪ್ರಶ್ನೆ: ಅಪ್ಪ-ಅಮ್ಮ ಬೆಂಗಳೂರಿಂದ ಬಂದಿದ್ದಾರೆ. ಅಪ್ಪನಿಗೆ ಮೊಣಕಾಲು ನೋವು. ಹಳೆಯ ಅಲ್ಬೈಸಿನ್ ಬಡಾವಣೆಯಲ್ಲಿ ಮನೆ ಬಾಡಿಗೆಗೆ ತೆಗೆದುಕೊಳ್ಳಬಹುದೇ?
– ಆಮ್‌ಸ್ಟರ್‌ಡ್ಯಾಮ್‌ನ ಓದುಗರು

ಉತ್ತರ: ಬೇಡ. ಅಲ್ಲಿನ ಓಣಿಗಳು ಕಡಿದಾದ ಏರು, ನೆಲವೆಲ್ಲ ನದಿಯ ಉರುಟು ಕಲ್ಲು, ಮಳೆ ಬಂದರೆ ಜಾರಿಕೆ. ಎಷ್ಟೋ ಮನೆಗಳ ಬಾಗಿಲಿಗೆ ಟ್ಯಾಕ್ಸಿ ಬರುವುದಿಲ್ಲ, ಚಕ್ರದ ಸೂಟ್‌ಕೇಸನ್ನು ಎತ್ತಿಕೊಂಡೇ ಹೋಗಬೇಕು. ಪ್ಲಾಸಾ ನುಯೆವಾ ಅಥವಾ ಗ್ರಾನ್ ವಿಯಾ ಹತ್ತಿರ ಲಿಫ್ಟ್ ಇರುವ ಹೋಟೆಲ್ ನೋಡಿ. ಆಲ್ಹಾಂಬ್ರಾಕ್ಕೆ ಸಿ30 ಅಥವಾ ಸಿ32 ಪುಟ್ಟ ಬಸ್ಸು, ಅಲ್ಬೈಸಿನ್‌ಗೆ ಸಿ31. ಸಾನ್ ನಿಕೊಲಾಸ್ ಕಟ್ಟೆಯಿಂದ ಸಂಜೆ ಆಲ್ಹಾಂಬ್ರಾ ಕೆಂಪೇರುವುದನ್ನು ತಂದೆಯವರೂ ನೋಡಬಹುದು. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ, ಡಿಸೆಂಬರ್‌ನಲ್ಲಿ 6ರ ಸುಮಾರಿಗೆ. ಕೂರಲು ಜಾಗ ಬೇಕಿದ್ದರೆ ಒಂದು ಗಂಟೆ ಮೊದಲು ಹೋಗಿ, ಜೇಬಿನ ಮೇಲೆ ಕೈ ಇರಲಿ. ಕೆಥೆಡ್ರಲ್ ಸುತ್ತ ರೋಸ್‌ಮರಿ ಕಡ್ಡಿ ಕೈಗಿಟ್ಟು ಭವಿಷ್ಯ ಹೇಳಲು ಬರುವ ಹೆಂಗಸರ ಮುಂದೆ ಕೈ ಚಾಚಬೇಡಿ. ಕಡ್ಡಿ ಹಿಡಿದರೆ ಹಣ ಕೊಡುವವರೆಗೂ ಬಿಡುವುದಿಲ್ಲ. ಅಮ್ಮನಿಗೆ ಮೊದಲೇ ಹೇಳಿಟ್ಟಿರಿ.