ಕರೆದ ಮೇಲೆ ಕಾಮಾ ಬೇಕೇ?

ಪ್ರಶ್ನೆ: ನಾನು ಮದ್ದೂರು ಕಡೆಯ ಹಳ್ಳಿಯವನು. ನೀರು ಬಳಕೆದಾರರ ಸಂಘದ ಕರಪತ್ರ, ಊರಹಬ್ಬದ ನಾಟಕದ ಸಂಭಾಷಣೆ ಎರಡನ್ನೂ ನಾನೇ ಬರೆಯುವುದು. ‘ರೈತರೇ’, ‘ಅಣ್ಣಾ’ ಎಂದು ಕರೆದ ಮೇಲೆ ಅಲ್ಪವಿರಾಮ ಹಾಕಬೇಕೋ, ಭಾವಸೂಚಕ ಚಿಹ್ನೆಯೋ? ‘ಬಾರಣ್ಣ’, ‘ಹೌದು ಕಣವ್ವ’ ಅನ್ನುವ ಕಡೆಯೂ ಬೇಕೇ?

ಉತ್ತರ: ಅಲ್ಪವಿರಾಮವೇ ಸರಿ. ಶಾಲೆಯ ವ್ಯಾಕರಣವೂ ಸಂಬೋಧನೆಯ ಮುಂದೆ ಅದನ್ನೇ ಹಾಕಲು ಹೇಳುತ್ತದೆ. ಯಾಕೆ ಬೇಕೆಂಬುದು ನಿಮ್ಮ ಕರಪತ್ರದಲ್ಲೇ ಕಾಣುತ್ತದೆ. ‘ರೈತರೇ ನಾಲೆಗೆ ನೀರು ಬಿಟ್ಟಿದ್ದಾರೆ’ ಎಂದು ಬರೆದಿರೋ, ಇಲಾಖೆಯವರಿಗೆ ಕಾಯದೆ ರೈತರೇ ಹೋಗಿ ತೂಬು ಎತ್ತಿದರು ಎಂದಾಯಿತು. ‘ರೈತರೇ, ನಾಲೆಗೆ ನೀರು ಬಿಟ್ಟಿದ್ದಾರೆ’ ಎಂದರೆ ಮಾತ್ರ ಅದು ರೈತರಿಗೆ ತಿಳಿಸುವ ಸುದ್ದಿ. ಕರೆಯುವ ‘ಏ’, ಒತ್ತಿ ಹೇಳುವ ‘ಏ’ ಎರಡೂ ಬರಹದಲ್ಲಿ ಒಂದೇ. ಮೇಲಾಗಿ ಕನ್ನಡದಲ್ಲಿ ‘ಅವರು’, ‘ಅವಳು’ ಎನ್ನದೆಯೇ ವಾಕ್ಯ ನಡೆಯುತ್ತದೆ. ‘ಅಮ್ಮ ಮಲಗಿದಳು’ ಎಂದರೆ ಮಲಗಿದ್ದು ಅಮ್ಮ. ‘ಅಮ್ಮ, ಮಲಗಿದಳು’ ಎಂದರೆ ತಂಗಿಯೋ ಅಕ್ಕನೋ. ಆಡುವಾಗ ದನಿಯೇ ಇದನ್ನು ಬಿಡಿಸಿ ಹೇಳುತ್ತದೆ, ಕಾಗದಕ್ಕೆ ದನಿ ಇಲ್ಲ.

‘ಬಾರಣ್ಣ’, ‘ಹೌದು ಕಣವ್ವ’ಗಳನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಅಲ್ಲಿ ಕರೆಯುವ ಪದ ಹಿಂದಿನ ಪದಕ್ಕೆ ಅಂಟಿಕೊಂಡು ಒಂದೇ ಉಸಿರಿನಲ್ಲಿ ಬರುತ್ತದೆ. ಮಂಡ್ಯದ ತಂದೆ ಪುಟ್ಟ ಮಗಳಿಗೆ ‘ಅಳಬ್ಯಾಡ ಕಣವ್ವ’ ಅಂತಾನೆ, ತಾಯಿ ಮಗನಿಗೆ ‘ಉಣ್ಣಪ್ಪ’ ಅಂತಾಳೆ. ಅವ್ವನನ್ನೋ ಅಪ್ಪನನ್ನೋ ಕರೆದದ್ದಲ್ಲ ಅದು, ಅಕ್ಕರೆ. ‘ಉಣ್ಣು, ಅಪ್ಪ’ ಎಂದು ಬರೆದರೆ ಎದುರಿಗೆ ನಿಜವಾದ ಅಪ್ಪನೇ ಊಟಕ್ಕೆ ಕೂತಂತಾಗುತ್ತದೆ. ‘ಯಾಕ್ಲಾ’, ‘ಬಾರ್ಲಾ’ಗಳೂ ಹೀಗೆಯೇ. ನಮ್ಮ ಸೀಮೆಯ ಮಾತಿನ ಸೊಗಸೆಲ್ಲ ಈ ಅಂಟಿನಲ್ಲಿದೆ. ಡಿಟಿಪಿ ಮಾಡುವವರು ‘ತಿದ್ದಲು’ ಹೊರಟರೆ ಬಿಡಬೇಡಿ.

ಕರೆ ವಾಕ್ಯದ ನಡುವೆ ಬಂದರೆ ಎರಡೂ ಕಡೆ ಅಲ್ಪವಿರಾಮ: ‘ಈ ಸಲ, ಸ್ವಾಮಿ, ಭತ್ತಕ್ಕೆ ನೀರು ಸಾಲಲ್ಲ.’ ಕೊನೆಯಲ್ಲಿ ಬಂದರೆ ಅದರ ಹಿಂದೆ: ‘ಎಲ್ಲಿಗೆ ಹೊರಟ್ರಿ, ಗೌಡ್ರೇ?’

ಭಾವಸೂಚಕ ಚಿಹ್ನೆಯನ್ನು ಕೂಗಿಗೆ, ಗಾಬರಿಗೆ, ಉದ್ಗಾರಕ್ಕೆ ಉಳಿಸಿಕೊಳ್ಳಿ. ಗದ್ದೆಯ ಆಚೆ ಬದುವಿನಿಂದ ‘ಅಣ್ಣಾ! ಹಾವು!’ ಎಂದು ತಮ್ಮ ಕಿರುಚುವಾಗ ನಾಟಕದಲ್ಲಿ ಅದು ಬೇಕೇ ಬೇಕು. ಕರಪತ್ರದಲ್ಲಿ ‘ರೈತ ಬಾಂಧವರೇ,’ ಎಂದು ಬರೆದು ಮುಂದಿನ ಸಾಲಿನಿಂದ ವಿಷಯ ಶುರುಮಾಡಿ.